ಕೋಟು ಬೇಡದ ಊರು

ಜನವರಿ 11

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ. ಪೈಪಿನೊಳಗೇ ಮಂಜುಗಡ್ಡೆ ಕಟ್ಟಿತ್ತು. ಪಾತ್ರೆಯಲ್ಲಿ ಉಳಿದಿದ್ದ ನೀರು ಕಾಯಿಸಿ ಪೈಪಿನ ಮೇಲೆ ಸುರಿಯುತ್ತಿದ್ದಾಗ ಕೆಮ್ಮು ಹತ್ತಿತು. ಹತ್ತಿದ್ದು ಬಿಡಲಿಲ್ಲ. ಅಳಿಯಂದಿರು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿ ಬಂದು ಬೆನ್ನು ನೀವಿದರು. ಮಾವನ ಬೆನ್ನು ಮುಟ್ಟುವುದಕ್ಕೆ ಅವರಿಗೂ ಸಂಕೋಚ, ಮುಟ್ಟಿಸಿಕೊಳ್ಳುವುದಕ್ಕೆ ನನಗೂ ಸಂಕೋಚ.

ಸಂಜೆ ಮಾತು ತೆಗೆದರು. ಅವರ ಕಂಪನಿಯ ಇನ್ನೊಂದು ಶಾಖೆ ಬೇರೆ ರಾಜ್ಯದಲ್ಲಿದೆಯಂತೆ. ಬಿಸಿಲಿನ ಊರು. ಬಾಡಿಗೆ ಇಲ್ಲಿಯದರ ಅರ್ಧಕ್ಕೂ ಕಡಿಮೆ, ತರಕಾರಿ ಅಗ್ಗ, ಮನೆ ಬೆಚ್ಚಗಿಡುವ ಖರ್ಚೇ ಇಲ್ಲ. ಡಾಕ್ಟರು ಹೇಗೂ ಹೇಳಿಬಿಟ್ಟಿದ್ದಾರಲ್ಲ, ಇನ್ನೊಂದೆರಡು ಚಳಿಗಾಲ ಇಲ್ಲೇ ಇದ್ದರೆ ಈ ಶ್ವಾಸಕೋಶದ ಹೊಣೆ ನನ್ನದಲ್ಲ ಅಂತ.

"ನೀವೂ ಬನ್ನಿ ಮಾವ," ಅಂದರು.

"ನೋಡೋಣ," ಅಂದೆ.

ಮಗಳ ಕಾಯಿಲೆಯಲ್ಲಿ ಅವಳನ್ನು ನೋಡಿಕೊಳ್ಳಲು ಇವರ ಮನೆಗೆ ಬಂದವನು ನಾನು. ಅವಳು ಹೋಗಿ ಎರಡು ವರ್ಷವಾಗುತ್ತ ಬಂತು. ಇನ್ನೂ ಇಲ್ಲೇ ಇದ್ದೇನೆ. ಹೋಗಿ ಅಂತ ಅವರು ಹೇಳಲಿಲ್ಲ, ಹೋಗುತ್ತೇನೆ ಅಂತ ನಾನೂ ಹೇಳಲಿಲ್ಲ. ಮಗಳೇ ಇಲ್ಲದ ಮೇಲೆ ಅಳಿಯ ಅಂದರೆ ಯಾರು? ಗುಂಡಿ ಉದುರಿ ಹೋದ ಮೇಲೆ ಉಳಿಯುವ ಕಾಜ. ನಾನೂ ಅಷ್ಟೇ.

ಆದರೆ ಇವರನ್ನು ಒಬ್ಬರೇ ಕಳಿಸುವ ಹಾಗೂ ಇಲ್ಲ. ಹಸಿವಾದರೆ ನಿಂತುಕೊಂಡು ಬ್ರೆಡ್ಡು ತಿಂದು ಊಟ ಆಯ್ತು ಅನ್ನುವ ಜಾತಿ. ಎದೆಯ ಅಳತೆ ಇಳಿದಿದೆ. ಟೇಪು ಬೇಡ ನನಗೆ, ದರ್ಜಿಯ ಕಣ್ಣಲ್ಲೇ ತಿಳಿಯುತ್ತದೆ. ಒಂದು ವರ್ಷದ ಮಟ್ಟಿಗೆ ಹೋಗಿ ಇವರನ್ನೊಂದು ದಾರಿಗೆ ಹಚ್ಚಿ ಬಂದರಾಯಿತು.

ಜನವರಿ 29

ಮನೆ ತುಂಬ ರಟ್ಟಿನ ಪೆಟ್ಟಿಗೆ. ಹೊಲಿಗೆ ಮೆಷಿನ್ನು ಬಿಟ್ಟು ಬರಲ್ಲ ಅಂದೆ. ದಪ್ಪ ಉಣ್ಣೆಯನ್ನು ನಾಲ್ಕು ಪದರ ಮಡಿಸಿ ಕೊಟ್ಟರೂ ಬೆಣ್ಣೆಯಂತೆ ನುಂಗುವ ಕಬ್ಬಿಣದ ಮೆಷಿನ್ನು. ಈ ಊರಿನ ಅರ್ಧ ಜನ ಅದರಲ್ಲಿ ಹೊಲಿದ ಕೋಟು ಹಾಕಿಕೊಂಡೇ ಚಳಿಗಾಲ ಕಳೆದಿದ್ದಾರೆ. "ಆ ಬಿಸಿಲಲ್ಲಿ ಕೋಟು ಯಾರಿಗೆ ಬೇಕು ಮಾವ?" ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳಲಿಲ್ಲ. ಕೆಳಗಿನ ಮನೆಯವರನ್ನು ಸಹಾಯಕ್ಕೆ ಕರೆಯದೆ ತಾವೇ ಹೊತ್ತು ಲಾರಿಗೆ ಹಾಕಿದರು.

ಮಗಳ ಬಟ್ಟೆಗಳನ್ನು ಅವಳ ಜೊತೆ ಕೆಲಸ ಮಾಡುತ್ತಿದ್ದವರು ಬಂದು ತೆಗೆದುಕೊಂಡು ಹೋದರು. ಹಸಿರು ಕೋಟೊಂದು ಉಳಿಯಿತು. ನಾನು ಹೊಲಿದದ್ದು. ಅಳಿಯಂದಿರು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತರು. "ನೀವೇ ಹೇಳಿ."

"ಟ್ರಂಕಿನ ತಳಕ್ಕೆ ಹಾಕಿ," ಅಂದೆ.

ತಮ್ಮನ ಮಗ ಬಂದಿದ್ದ. ತನ್ನ ಮನೆಯ ಮಹಡಿ ಮೇಲಿನ ರೂಮು ಮುಂದಿನ ಚಳಿಗಾಲಕ್ಕೆ ಖಾಲಿ ಇರುತ್ತದಂತೆ. "ನಿಮಗೇ ಇಟ್ಟಿರ್ತೀನಿ ದೊಡ್ಡಪ್ಪ." ಇಟ್ಟಿರು ಅಂದೆ.

ಫೆಬ್ರವರಿ 3

ಲಾರಿಯಲ್ಲಿ ಡ್ರೈವರ್ ಪಕ್ಕದಲ್ಲೇ ಕೂತು ಬಂದೆವು. ಮೊದಲ ದಿನ ಮಧ್ಯಾಹ್ನ ಮಫ್ಲರ್ ಬಿಚ್ಚಿದೆ. ಸಂಜೆ ಕೋಟು. ಮರುದಿನ ಬೆಳಿಗ್ಗೆ ಸ್ವೆಟರು. ರಾಜ್ಯದ ಗಡಿಯಲ್ಲಿ ಚಹಾಕ್ಕೆ ನಿಂತಾಗ ಬನಿಯನ್ನಿಗೆ ಬಂದಿದ್ದೆ.

"ಇನ್ನೂ ದೂರ ಇದ್ದಿದ್ರೆ ಏನು ಗತಿ ಮಾವ?" ಅಂದರು ಅಳಿಯಂದಿರು.

ಡ್ರೈವರ್ ಸ್ಟೀರಿಂಗ್ ಮೇಲೆ ಬಿದ್ದು ನಕ್ಕ. ನಾನು ಗಂಭೀರವಾಗಿಯೇ ಇದ್ದೆ.

ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲೆ. ಎರಡು ರೂಮು, ಒಂದು ಹಾಲ್, ಬೀದಿಗೆ ಬಾಲ್ಕನಿ. ಗೋಡೆಗೆ ಬಿಳಿ ಸುಣ್ಣ, ಕಣ್ಣು ಕುಕ್ಕುತ್ತದೆ. ಎದುರಿಗೆ ಔಷಧಿ ಅಂಗಡಿ. ಅದರ ಮುಂದೆ ಹರಿದ ಕ್ಯಾನ್ವಾಸಿನ ಬಿಸಿಲುಮರೆ, ನಾಯಿ ಕಚ್ಚಿದ ಪಂಚೆಯ ಹಾಗೆ ಜೋಲುತ್ತಿದೆ.

ಫೆಬ್ರವರಿ 4

ಬಿಸಿಲು.

ಫೆಬ್ರವರಿ 5

ಇವತ್ತೂ.

ಫೆಬ್ರವರಿ 21

ಇಷ್ಟು ವರ್ಷ ಹೀಟರ್ ರಿಪೇರಿ ಮಾಡಿದ ಅಳಿಯಂದಿರು ಈಗ ಏಸಿ ರಿಪೇರಿ ಕಲಿಯುತ್ತಿದ್ದಾರೆ. ಸಂಜೆ ಬಂದು ಊಟದ ಮೇಜಿನ ಮೇಲೆ ಪುಸ್ತಕ ಹರಡಿ ಸ್ಕೂಲ್ ಮಕ್ಕಳ ಹಾಗೆ ತುಟಿ ಆಡಿಸುತ್ತ ಓದುತ್ತಾರೆ.

"ಕಷ್ಟವೇ ಅಳಿಯಂದಿರೇ?" ಅಂತ ಕೇಳಿದೆ.

"ಎಲ್ಲಾ ಒಂದೇ ಮಾವ. ಅಲ್ಲಿ ಬಿಸಿ ಒಳಗೆ ತರ್ತಿದ್ದೆ, ಇಲ್ಲಿ ಬಿಸಿ ಹೊರಗೆ ಹಾಕ್ತೀನಿ."

ನಾನು ಬಾಲ್ಕನಿಗೆ 'ಕೋಟು ಹೊಲಿಯಲಾಗುತ್ತದೆ' ಅಂತ ಬೋರ್ಡು ಕಟ್ಟಿದೆ. ಜನ ನಿಂತು ಓದುತ್ತಾರೆ, ನಗುತ್ತಾರೆ, ಹೋಗುತ್ತಾರೆ. ಒಬ್ಬ ಮೇಲೆ ನೋಡಿ "ಯಾರಿಗೆ?" ಅಂತ ಕೇಳಿದ.

ಉಸಿರಿನ ಪಂಪು ಮುಗಿದಿತ್ತು. ಎದುರಿನ ಅಂಗಡಿಗೆ ಹೋದೆ. ಅಲ್ಲೊಬ್ಬ ಹೆಂಗಸು, ನಲವತ್ತರ ಆಸುಪಾಸು. ಗಂಟಲು ಮಾತ್ರ ಲೌಡ್‌ಸ್ಪೀಕರು. ನನ್ನ ಆರೋಗ್ಯ ಕಾರ್ಡು ತಿರುಗಿಸಿ ನೋಡಿ, "ಇದು ಈ ರಾಜ್ಯದ್ದಲ್ಲ ಯಜಮಾನರೇ, ಇಲ್ಲಿ ನಡೆಯೋಲ್ಲ!" ಅಂದಳು. ಬೀದಿಗೆಲ್ಲ ಕೇಳಿಸಿತು. ಆಮೇಲೆ ಅದೇ ಔಷಧಿ ಬೇರೆ ಹೆಸರಿನಲ್ಲಿ ಅಗ್ಗಕ್ಕೆ ಇದೆ ಅಂತ ತೆಗೆದುಕೊಟ್ಟು, ಎದುರಿಗೇ ಎಳೆದು ತೋರಿಸಿ ಅಂದಳು. ತೋರಿಸಿದೆ.

"ಹೀಗಾ ಎಳೆಯೋದು? ಎಲ್ಲಾ ಬಾಯಲ್ಲೇ ಉಳೀತು! ಮೊದಲು ಒಳಗಿನ ಉಸಿರೆಲ್ಲ ಬಿಡಿ. ಪೂರ್ತಿ. ಇನ್ನೂ ಇದೆ, ಬಿಡಿ!"

ಗಿರಾಕಿಗಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಮಾನ ಹೋಯಿತು. ಉಸಿರು ಬಂತು.

ಮಾರ್ಚ್ 15

ಆ ಬಿಸಿಲುಮರೆಯ ಹರಿದ ಭಾಗಕ್ಕೆ ಔಷಧಿ ಅಂಗಡಿಯಾಕೆ ಗಾಯಕ್ಕೆ ಹಾಕುವ ಪಟ್ಟಿ ಅಂಟಿಸಿದ್ದಾಳೆ! ದಿನವೂ ಬಾಲ್ಕನಿಯಿಂದ ಅದನ್ನು ನೋಡಬೇಕು. ಹೊಲಿಗೆ ಗೊತ್ತಿರುವವನಿಗೆ ಇದಕ್ಕಿಂತ ಹಿಂಸೆ ಬೇರೆ ಇಲ್ಲ. ಇವತ್ತು ತಡೆಯಲಾರದೆ ಕೆಳಗಿಳಿದು ಹೋಗಿ, ಅದನ್ನು ಬಿಚ್ಚಿ ಕೊಡಿ ಅಂದೆ.

"ಎಷ್ಟಾಗುತ್ತೆ ಯಜಮಾನರೇ?"

"ಏನೂ ಆಗಲ್ಲ. ನನ್ನ ಕಣ್ಣುನೋವಿಗೆ ಮದ್ದು ಅಂದುಕೊಳ್ಳಿ."

ಮೆಷಿನ್ನು ಒಂದು ಸಲವೂ ತಡವರಿಸಲಿಲ್ಲ. ಕೋಟಿನ ಬಟ್ಟೆಗಿಂತ ಕ್ಯಾನ್ವಾಸೇ ಸಲೀಸು. ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿ, ಹಗ್ಗ ತೂರುವ ಕಣ್ಣುಗಳನ್ನು ಕಾಜದ ಹಾಗೆ ಕೈಯಲ್ಲೇ ಸುತ್ತಿ ಹೊಲಿದೆ. ಅಳಿಯಂದಿರು ಏಣಿ ಹತ್ತಿ ಕಟ್ಟಿಕೊಟ್ಟರು. ಅಂಗಡಿಯ ಮುಂದೆ ಅಚ್ಚುಕಟ್ಟಾದ ನೆರಳು ಬಿತ್ತು. ಆಕೆ ನೆರಳಿನೊಳಗೆ ಒಂದು ಹೆಜ್ಜೆ, ಹೊರಗೆ ಒಂದು ಹೆಜ್ಜೆ ಇಟ್ಟು ನೋಡಿದಳು.

"ನನ್ನ ಔಷಧಿಗಳೆಲ್ಲ ಬಿಸಿಲು ತಪ್ಪಿತು ಅಂತ ನಿಮಗೆ ಒಳ್ಳೇದು ಬಯಸ್ತವೆ," ಅಂದಳು.

ಏಪ್ರಿಲ್ 20

ಪೇಪರ್ ಅಂಗಡಿ, ಹಣ್ಣಿನ ಅಂಗಡಿ, ಕೆಳಗಿನ ಸೈಕಲ್ಲಿನವನು, ಎಲ್ಲರಿಗೂ ಬಿಸಿಲುಮರೆ ಬೇಕಂತೆ. ಬೋರ್ಡಿನಲ್ಲಿ 'ಕೋಟು' ಅನ್ನುವುದರ ಮೇಲೆ ಅಳಿಯಂದಿರು ಬಿಳಿ ಬಣ್ಣ ಬಳಿದು 'ನೆರಳು' ಅಂತ ಬರೆದಿದ್ದಾರೆ. 'ನೆರಳು ಹೊಲಿಯಲಾಗುತ್ತದೆ.' ತಮಾಷೆಗೆ ಮಾಡಿದ್ದು. ಅಳಿಸಬೇಕು ಅಂದುಕೊಂಡೆ. ಕೆಲಸದ ಗಡಿಬಿಡಿಯಲ್ಲಿ ಆಗಿಲ್ಲ.

ಕೆಮ್ಮು ಕಡಿಮೆಯಾಗಿದೆ. ಶುಂಠಿಯ ಗುಣ ಇರಬೇಕು.

ತಮ್ಮನ ಮಗ ಫೋನ್ ಮಾಡಿದ್ದ. ಅಲ್ಲಿ ಇನ್ನೂ ಚಳಿ ಬಿಟ್ಟಿಲ್ಲವಂತೆ. ಈ ಊರಿನ ಬಗ್ಗೆ ಕೇಳಿದ. ಜನ ಜೋರಾಗಿ ಮಾತಾಡುತ್ತಾರೆ, ಮಧ್ಯಾಹ್ನ ಎಲ್ಲರೂ ನಿದ್ದೆ ಹೊಡೆಯುತ್ತಾರೆ, ನೀರು ಬಾಯಿಗಿಟ್ಟರೆ ಬಿಸಿ, ನನಗಂತೂ ಒಗ್ಗುವುದಿಲ್ಲ ಅಂದೆ. ರೂಮು ನೆನಪಿರಲಿ ಅಂತಲೂ ಹೇಳಿದೆ. ಹೇಳಿ, ಮಧ್ಯಾಹ್ನದ ನಿದ್ದೆಗೆ ಹೊತ್ತಾಯಿತು ಅಂತ ಫೋನ್ ಇಟ್ಟೆ.

ಮೇ 8

ಔಷಧಿಯಮ್ಮನ ಫ್ರಿಜ್ಜು ಕೆಟ್ಟಿತ್ತು. ಅಳಿಯಂದಿರು ಹೋಗಿ ಸರಿಮಾಡಿ ಬಂದರು. ಒಳ್ಳೆಯದೇ, ಇಂಜೆಕ್ಷನ್ನುಗಳೆಲ್ಲ ಅದರಲ್ಲೇ ಇರುತ್ತವೆ. ಆದರೆ ಮಂಗಳವಾರ ಮತ್ತೆ ಕೆಟ್ಟಿತು. ಶುಕ್ರವಾರ ಮತ್ತೆ. ಇವತ್ತೂ ಹೋಗಿದ್ದಾರೆ. ಒಂದೋ ಫ್ರಿಜ್ಜು ಸರಿಯಿಲ್ಲ, ಇಲ್ಲಾ ನಮ್ಮ ಅಳಿಯಂದಿರಿಗೆ ಕೆಲಸ ಬರುವುದಿಲ್ಲ.

ಬಾಲ್ಕನಿಯಲ್ಲಿ ಕೂತು ಕ್ಯಾನ್ವಾಸಿನ ಕಣ್ಣುಗಳನ್ನು ಹೊಲಿಯುತ್ತಿದ್ದಾಗ ಎದುರಿನಿಂದ ಗಂಡಸಿನ ನಗು ಕೇಳಿಸಿತು. ಯಾರಪ್ಪಾ ಇದು ಅಂತ ಕತ್ತೆತ್ತಿ ನೋಡಿದೆ. ಅವರೇ. ಆ ನಗುವಿನ ಸದ್ದೇ ನನಗೆ ಮರೆತು ಹೋಗಿತ್ತು. ಮಗಳ ಮದುವೆಯಾದ ಹೊಸತರಲ್ಲಿ ನನ್ನ ಮನೆಗೆ ಬಂದಾಗ ಇವರಿಬ್ಬರ ನಗು ಗೋಡೆಯಾಚೆಗೂ ಕೇಳಿ, ಸ್ವಲ್ಪ ಮೆಲ್ಲಗೆ ಅಂತ ನಾನೇ ಹೇಳಿದ್ದುಂಟು.

ಸೂಜಿ ಬೆರಳಿಗೆ ಚುಚ್ಚಿತು. ಕೆಲಸ ಎತ್ತಿಟ್ಟೆ.

ಮೇ 24

ಅಳಿಯಂದಿರು ಊಟಕ್ಕೆ ಔಷಧಿಯಮ್ಮನನ್ನು ಕರೆದಿದ್ದಾರಂತೆ. "ನಿಮ್ಮ ಪಂಪಿನ ವಿಷಯದಲ್ಲಿ ಎಷ್ಟು ಸಹಾಯ ಮಾಡಿದಾರೆ ಮಾವ," ಅಂದರು. ಆಹಾ, ನನ್ನ ಪಂಪಿಗಾಗಿ ಊಟ.

ಬೆಳಿಗ್ಗೆ ಟ್ರಂಕು ತೆಗೆದು ಹಸಿರು ಕೋಟನ್ನು ಹೊರಗೆ ತೆಗೆದೆ. ನುಸಿ ಹಿಡಿಯುತ್ತದೆ, ಗಾಳಿಗೆ ಹಾಕಬೇಕಿತ್ತು. ಹಾಲ್‌ನ ಬಾಗಿಲ ಪಕ್ಕದಲ್ಲೊಂದು ಮೊಳೆ ಇತ್ತು. ಅಲ್ಲೇ ನೇತುಹಾಕಿದೆ.

ಆಕೆ ಕಲ್ಲಂಗಡಿ ಹೊತ್ತುಕೊಂಡು ಬಂದಳು. ಒಳಗೆ ಕಾಲಿಟ್ಟವಳು ನಿಂತಳು.

"ಯಾರದ್ದು ಯಜಮಾನರೇ?"

"ನನ್ನ ಮಗಳದು."

ಹಣ್ಣು ಕೆಳಗಿಟ್ಟು ಕೈ ಒರೆಸಿಕೊಂಡಳು. "ಮುಟ್ಟಲಾ?"

ಕಾಲರಿನ ಮೇಲೆ ಎರಡು ಬೆರಳು ಆಡಿಸಿ, "ಎಷ್ಟು ಚೆನ್ನಾಗಿ ಕೂತಿದೆ. ಇಷ್ಟು ಭಾರ ಹಾಕ್ಕೊಂಡು ಓಡಾಡ್ತಿದ್ರಾ?" ಅಂದಳು. ಇವತ್ತೊಂದೇ ದಿನ ಆ ಗಂಟಲು ತಗ್ಗಿದ್ದು.

"ಭಾರ ಅಂತ ಅವಳು ಯಾವತ್ತೂ ಅನ್ನಲಿಲ್ಲ," ಅಂದೆ.

ಅಳಿಯಂದಿರು ಅನ್ನದ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕೋಟು ನೋಡಿದರು. ನನ್ನನ್ನು ನೋಡಿದರು.

ಊಟಕ್ಕೆ ಕೂತರು, ಉಣ್ಣಲಿಲ್ಲ. ಆಕೆ ಎರಡು ಸಲ ಬಡಿಸಿಕೊಂಡು ಉಂಡಳು, ಮೊಟ್ಟೆಯ ಪಲ್ಯ ಚೆನ್ನಾಗಿದೆ ಅಂದಳು, ಗಿರಾಕಿಗಳ ಕತೆ ಹೇಳಿದಳು, ಬೇಗ ಎದ್ದು ಹೋದಳು. ಪಾತ್ರೆಗಳನ್ನೆಲ್ಲ ಅಳಿಯಂದಿರೇ ತೊಳೆದರು. ನಾನು ಒರೆಸಲು ಹೋದರೆ, "ಬೇಡ ಮಾವ," ಅಂದರು. ಅಷ್ಟೇ.

ಮೇ 25

ಕಲ್ಲಂಗಡಿ ಹಾಗೇ ಇದೆ. ಯಾರೂ ಕೊಯ್ದಿಲ್ಲ.

ಜೂನ್ 16

ಎದುರಿನ ಫ್ರಿಜ್ಜು ಈಗ ಕೆಡುತ್ತಿಲ್ಲ.

ಅಳಿಯ ಮತ್ತೆ ನಿಂತುಕೊಂಡು ಬ್ರೆಡ್ಡು ತಿನ್ನುತ್ತಾನೆ. ಬೀದಿಯಲ್ಲಿ ನಡೆದು ಬರುವಾಗ ನಮ್ಮ ಕಡೆಯ ಗೋಡೆಗೆ ಒತ್ತಿಕೊಂಡು ಬರುತ್ತಾನೆ, ಆಚೆ ನೋಡುವುದಿಲ್ಲ. ಅಂಗಿಯ ಭುಜ ಇಳಿಬಿದ್ದಿದೆ. ಇಲ್ಲಿಗೆ ಬಂದ ಮೇಲೆ ತುಂಬಿಕೊಂಡಿದ್ದ ಮೈ, ಈ ಮೂರು ವಾರದಲ್ಲಿ ಎಲ್ಲಿ ಹೋಯಿತು? ಬಿಸಿಲಿಗೆ ಅಂತ ಹೇಳೋಣವೆಂದರೆ ನನಗೇ ನಂಬಿಕೆ ಬರುತ್ತಿಲ್ಲ.

ಕೋಟು ಇನ್ನೂ ಮೊಳೆಯ ಮೇಲೇ ಇದೆ. ತೆಗೆದರೆ ತಪ್ಪು ಒಪ್ಪಿಕೊಂಡ ಹಾಗೆ. ತೆಗೆಯದಿದ್ದರೆ ದಿನಾ ನೋಡಬೇಕು. ಅವನೂ ತೆಗೆಯಲಿಲ್ಲ.

ಜುಲೈ 2

ಚಹಾ ಕುಡಿಯುತ್ತ ಅಂದ: "ಮಾವ, ಆಫೀಸಿನಲ್ಲಿ ಕೇಳಿದೀನಿ. ಹಳೇ ಊರಲ್ಲಿ ನನ್ನ ಜಾಗ ಇನ್ನೂ ಖಾಲಿ ಇದೆಯಂತೆ. ಹೋಗಿಬಿಡೋಣ."

ಇದನ್ನೇ ಅಲ್ಲವೇ ನಾನು ಕಾಯುತ್ತಿದ್ದದ್ದು? 'ಸರಿ' ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ಬಾಯಿಂದ ಬಿದ್ದದ್ದು ಬೇರೆ.

"ಹಣ್ಣಿನ ಅಂಗಡಿಯವನದು ಅರ್ಧ ಆಗಿದೆ."

"ಮುಗಿಸ್ಕೊಂಡು ಹೋಗೋಣ."

"ಶಾಲೆಯವರು ಬಂದಿದ್ರು. ಮಕ್ಕಳು ಆಡೋ ಜಾಗಕ್ಕೆಲ್ಲ ನೆರಳು ಬೇಕಂತೆ. ಅದು ದೊಡ್ಡ ಕೆಲಸ."

"ಮಾವ, ನಿಮಗೆ ವಾಪಸ್ ಹೋಗೋದು ಬೇಕೋ ಬೇಡವೋ?"

"ನಿನಗೆ ಬೇಕೇನೋ?"

ಸಿಟ್ಟಿನಲ್ಲಿ ಏಕವಚನವೇ ಬಂದುಬಿಟ್ಟಿತು. ಅವನು ಲೋಟ ಕೆಳಗಿಟ್ಟ.

"ನನಗೆ ಏನು ಬೇಕು ಅಂತ ಯಾರು ಕೇಳಿದ್ರು ಮಾವ?"

ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಟೂಲ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ. ಲೋಟದಲ್ಲಿ ಚಹಾ ಹಾಗೇ ಇತ್ತು.

ಜುಲೈ 3

ಮಧ್ಯಾಹ್ನ ಬೀದಿಯೆಲ್ಲ ಮಲಗಿದ್ದಾಗ ಎದುರಿನ ಅಂಗಡಿಗೆ ಹೋದೆ.

"ಪಂಪ್ ಮುಗೀತಾ ಯಜಮಾನರೇ?"

"ಇಲ್ಲ."

"ಮತ್ತೆ?"

ಏನು ಹೇಳಬೇಕು ಅಂತ ಮನೆಯಲ್ಲೇ ಜೋಡಿಸಿಕೊಂಡು ಹೋಗಿದ್ದೆ. ಎಲ್ಲಾ ಕಲಸಿಹೋಯಿತು. "ಫ್ರಿಜ್ಜು ಹೇಗಿದೆ?" ಅಂದೆ.

"ಚೆನ್ನಾಗಿದೆ. ಮೊದಲನೇ ಸಲ ಸರಿಮಾಡಿದ ಮೇಲೆ ಕೆಟ್ಟೇ ಇಲ್ಲ."

"ಮತ್ತೆ ಅಷ್ಟು ಸಲ…"

"ಅಷ್ಟು ಸಲ ಬಂದು ಬಾಗಿಲು ತೆಗೆದು ನೋಡಿ, ತಣ್ಣಗಿದೆ ಅಂತ ಹೇಳಿ, ಚಹಾ ಕುಡಿದು ಹೋಗ್ತಿದ್ರು."

ನಗು ಬಂದುಬಿಟ್ಟಿತು. ನಗುವಿನ ಹಿಂದೆಯೇ ಕೆಮ್ಮು. ಅವಳು ಸ್ಟೂಲು ಎಳೆದು ಕೂರಿಸಿ ನೀರು ಕೊಟ್ಟಳು. ಕುಡಿದ ಮೇಲೆ ಧೈರ್ಯ ಬಂತು.

"ಆ ಕೋಟು ನಾನು ಬೇಕಂತಲೇ ಹಾಕಿದ್ದು," ಅಂದೆ.

"ಗೊತ್ತು."

"ಗೊತ್ತಿತ್ತಾ?"

"ಮೇ ತಿಂಗಳ ಬಿಸಿಲಲ್ಲಿ ಉಣ್ಣೆ ಕೋಟು ಯಾರು ನೇತುಹಾಕ್ತಾರೆ?" ಔಷಧಿ ಡಬ್ಬಿಗಳನ್ನು ಜೋಡಿಸುತ್ತಲೇ ಅಂದಳು. "ನಮ್ಮಮ್ಮ ಹೋದ ಮೇಲೆ ಅವಳ ಕನ್ನಡಕ ಎಷ್ಟೋ ಕಾಲ ಈ ಗಲ್ಲಾ ಮೇಲೇ ಇತ್ತು. ಗಿರಾಕಿಗಳು ಅಪ್ಪಿತಪ್ಪಿ ಸರಿಸಿದ್ರೂ ಜಗಳಕ್ಕೆ ನಿಲ್ತಿದ್ದೆ. ನನ್ನ ಕಡೆಯವರು ಅಂತ ಇದ್ದವಳು ಅವಳೊಬ್ಬಳೇ." ಆಮೇಲೆ ಡಬ್ಬಿ ಬಿಟ್ಟು ಎದುರಿಗೆ ಬಂದು ಕೂತಳು. "ಅವರು ಹೇಗಿದ್ರು? ನಿಮ್ಮ ಮಗಳು. ಹೇಳಿ."

ಈ ಎರಡು ವರ್ಷದಲ್ಲಿ ಯಾರೂ ಇದನ್ನು ಕೇಳಿಲ್ಲ. ಹೇಗೆ ಹೋದಳು ಅಂತ ಎಲ್ಲರೂ ಕೇಳಿದರು, ಹೇಗಿದ್ದಳು ಅಂತ ಯಾರೂ ಕೇಳಲಿಲ್ಲ. ಹೇಳಿದೆ. ಯಾರ ಜೊತೆ ಹೊರಟರೂ ನಾಲ್ಕು ಹೆಜ್ಜೆ ಮುಂದೆಯೇ ನಡೆಯುವಳು. ಶಿಳ್ಳೆ ಹೊಡೆಯಲು ಬಾರದು, ಆದರೂ ಕೆಲಸ ಮಾಡುವಾಗಲೆಲ್ಲ ತುಟಿ ಚೂಪು ಮಾಡಿಕೊಂಡು ಬರೀ ಗಾಳಿ ಊದುತ್ತಿದ್ದಳು. ಚಿಕ್ಕವಳಿದ್ದಾಗ ನನ್ನ ಸೀಮೆಸುಣ್ಣ ಕದ್ದು ಗಿರಾಕಿಯೊಬ್ಬರ ಕೋಟಿನ ಬೆನ್ನ ಮೇಲೆ ಬೆಕ್ಕು ಬರೆದಿದ್ದಳು, ಅವರು ಹಾಗೇ ಆಫೀಸಿಗೆ ಹೋಗಿಬಿಟ್ಟಿದ್ದರು. ಔಷಧಿಯಮ್ಮ ಬಿದ್ದು ಬಿದ್ದು ನಕ್ಕಳು. ಗಿರಾಕಿಗಳು ಬಂದರು, ಹೋದರು. ನಾನು ಹೇಳುತ್ತಲೇ ಇದ್ದೆ.

ಅಳಿಯನೂ ನಾನೂ ಒಂದೇ ಸೂರಿನ ಕೆಳಗಿದ್ದು ಮಗಳ ಸುದ್ದಿಯನ್ನು ಒಬ್ಬರಿಗೊಬ್ಬರು ಎತ್ತಿದ್ದಿಲ್ಲ. ಅವನಿಗೆ ನೋವಾದೀತು ಅಂತ ನಾನು, ನನಗೆ ನೋವಾದೀತು ಅಂತ ಅವನು.

ಏಳುವಾಗ ಕೇಳಿದೆ, "ನಮ್ಮ ಅಳಿಯ ಬಂದು ಕೇಳಿದರೆ ಏನು ಹೇಳ್ತೀಯಮ್ಮಾ?"

"ಮೊದಲು ಅವರು ಕೇಳಲಿ, ಆಮೇಲೆ ಹೇಳ್ತೀನಿ. ಮಧ್ಯೆ ನಿಮ್ಮದೇನು ಯಜಮಾನರೇ?"

ಬೈಸಿಕೊಂಡು ಬಂದೆ. ಒಳ್ಳೆ ನಿದ್ದೆ ಬಂತು.

ಜುಲೈ 4

ಬೆಳಿಗ್ಗೆ ಅವನು ಏಳುವ ಮುಂಚೆ ಕೋಟು ಇಳಿಸಿ, ಧೂಳು ಹೊಡೆದು, ಮಡಿಸಿ ಟ್ರಂಕಿಗೆ ಹಾಕಿದೆ. ಎದ್ದು ಬಂದವನು ಖಾಲಿ ಮೊಳೆಯನ್ನು ನೋಡುತ್ತ ನಿಂತ.

"ಎದುರುಗಡೆ ಫ್ರಿಜ್ಜು ಕೆಟ್ಟಿದೆ. ಹೋಗಿ ನೋಡು," ಅಂದೆ.

"ಯಾರು ಹೇಳಿದ್ರು?"

"ನಾನೇ ಹೇಳ್ತಿದೀನಲ್ಲ."

"ಟೂಲ್ ಬ್ಯಾಗ್ ತಗೊಂಡು ಹೋಗ್ಲಾ?"

"ಬೇಡ. ಶರ್ಟು ಬದಲಾಯಿಸ್ಕೊಂಡು ಹೋಗು. ಭುಜದ ಹೊಲಿಗೆ ಬಿಟ್ಟಿದೆ ನೋಡು, ಮನೇಲಿ ದರ್ಜಿ ಇದ್ದೂ."

ಬದಲಾಯಿಸಿಕೊಂಡ. ಬಾಗಿಲ ತನಕ ಹೋಗಿ ತಿರುಗಿದ. "ಮಾವ… ಅವಳು…" ಅಂದ.

"ಅವಳಾಗಿದ್ರೂ ಇದನ್ನೇ ಹೇಳ್ತಿದ್ಲು. ಕುತ್ತಿಗೆ ಹಿಡಿದು ದಬ್ಬಿ ಹೇಳ್ತಿದ್ಲು. ಹೋಗು."

ಅವನು ಹಿಂದಕ್ಕೆ ಬಂದ. ನನ್ನ ಹೆಗಲ ಮೇಲೆ ಹಣೆ ಊರಿ ಅತ್ತ. ಇಷ್ಟುದ್ದದ ಗಂಡಸು, ಬಗ್ಗಿ ಅಳಬೇಕಾಯಿತು. ಬೆನ್ನು ನೀವಿದೆ. ಇನ್ನೊಂದು ಶರ್ಟು ಬದಲಾಯಿಸಬೇಕಾಗುತ್ತೆ ಅಂದೆ. ಅಳುತ್ತಲೇ ನಕ್ಕ.

ಆಗಸ್ಟ್ 10

ಇಬ್ಬರೂ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಅರ್ಜಿ ಕೊಟ್ಟು ಬಂದಿದ್ದಾರೆ. ಮುಂದಿನ ತಿಂಗಳು ಮದುವೆ. ಅವಳು ಇಲ್ಲಿಗೇ ಬಂದು ಇರುತ್ತಾಳೆ, ಅಂಗಡಿಯ ಹಿಂದಿನ ಅವಳ ರೂಮು ಔಷಧಿ ಇಡುವುದಕ್ಕೆ.

ಹಾಗಾಗಿ ನಾನು ನನ್ನ ವ್ಯವಸ್ಥೆ ನೋಡಿಕೊಳ್ಳಬೇಕಲ್ಲ. ಸೈಕಲ್ಲಿನವನ ಅಂಗಡಿಯ ಹಿಂದೆ ಟೈರು ಪೇರಿಸಿದ ಒಂದು ಕೋಣೆಯಿದೆ. ಅಳೆದು ನೋಡಿದೆ. ಮೆಷಿನ್ನು, ಮಂಚ, ಎರಡೂ ಹಿಡಿಯುತ್ತವೆ. ಯಾರಿಗೂ ಹೇಳಬೇಡ ಅಂದಿದ್ದೆ. ಅವನು ನನಗೆ ಸರಿ ಅಂದು, ಅಳಿಯ ಬರುತ್ತಿದ್ದ ಹಾಗೇ ಹೇಳಿದ.

ಮೆಟ್ಟಿಲು ದಡದಡ ಹತ್ತಿ ಬಂದ. "ಆ ಟೈರ್ ಗೋಡೌನಿನಲ್ಲಿ ಗಾಳಿ ಎಲ್ಲಿದೆ ಮಾವ? ಇದಕ್ಕಾ ಆ ಚಳಿಯಿಂದ ಹೊತ್ತುಕೊಂಡು ಬಂದದ್ದು ನಿಮ್ಮನ್ನ?"

"ಹೊಸ ಸಂಸಾರ ಕಣಯ್ಯಾ. ಮೊದಲ ಹೆಂಡತಿಯ ಅಪ್ಪ ಮೂರು ಹೊತ್ತೂ ಎದುರಿಗೆ ಕೂತಿದ್ರೆ ಆ ಹುಡುಗಿಗೆ ಹೇಗಿರುತ್ತೆ ಯೋಚನೆ ಮಾಡು."

"ಅವಳನ್ನೇ ಕೇಳೋಣ." ಬಾಲ್ಕನಿಗೆ ಹೋಗಿ ಕೂಗಿಯೇಬಿಟ್ಟ. "ಮಾವ ಬೇರೆ ರೂಮು ಮಾಡ್ತಾರಂತೆ!"

"ಯಾಕೆ? ನಾನೇನು ಮಾಡಿದೆ?" ಆಚೆಯಿಂದ ಲೌಡ್‌ಸ್ಪೀಕರು.

"ನಿನಗೆ ಮುಜುಗರ ಆಗುತ್ತಂತೆ!"

"ಹಾಗಾದ್ರೆ ನಾನೂ ಇಲ್ಲೇ ಇರ್ತೀನಿ ಅನ್ನಿ! ಅಲ್ಲಿಗೆ ಬರೋದೇ ಇಲ್ಲ! ಮೊದಲ ದಿನವೇ ಹೇಳಿರಲಿಲ್ವಾ ನೀವು, ನಾನು ಒಬ್ಬನೇ ಅಲ್ಲ, ಮಾವನೂ ಇದಾರೆ ಅಂತ? ನಾನು ಲೆಕ್ಕ ಹಾಕಿ ಒಪ್ಕೊಂಡಿದ್ದು ಇಬ್ಬರನ್ನ!"

ಪೇಪರ್ ಅಂಗಡಿಯವನು ಹೊರಗೆ ಬಂದ. ಹಣ್ಣಿನವನು ಬಂದ. "ಇರಿ ಯಜಮಾನರೇ, ಅಷ್ಟು ಕೇಳ್ತಿದಾರಲ್ಲ," ಅಂತ ಕೆಳಗಿನಿಂದ ಶಿಫಾರಸು. ಕೋಣೆ ಬಾಡಿಗೆಗೆ ಕೊಡಬೇಕಾದ ಸೈಕಲ್ಲಿನವನೇ ಎಲ್ಲರಿಗಿಂತ ಜೋರು. ನಾನು ತಲೆ ತಗ್ಗಿಸಿ ಒಳಗೆ ಬಂದು ಮೆಷಿನ್ನಿಗೆ ಎಣ್ಣೆ ಬಿಟ್ಟೆ. ನಿನ್ನೆಯಷ್ಟೇ ಬಿಟ್ಟಿದ್ದೆ, ಇರಲಿ.

ಮೊದಲ ದಿನವೇ ಹೇಳಿದ್ದನಂತೆ. ನನಗೊಂದು ಮಾತು ಹೇಳಲಿಲ್ಲ ನೋಡು.

ಆಗಸ್ಟ್ 22

ತಮ್ಮನ ಮಗನಿಗೆ ಫೋನ್ ಮಾಡಿ ರೂಮು ಬೇರೆ ಯಾರಿಗಾದರೂ ಕೊಟ್ಟುಬಿಡು ಅಂದೆ. ಶಾಲೆಯ ಕೆಲಸ ಬಹಳ ದೊಡ್ಡದು, ಈ ವರ್ಷ ಮುಗಿಯುವ ಹಾಗೆ ಕಾಣುವುದಿಲ್ಲ. "ಅಲ್ಲಿ ಒಗ್ಗಲ್ಲ ಅಂತಿದ್ರಿ ದೊಡ್ಡಪ್ಪ?" ಅಂದ. ಈ ಹುಡುಗರಿಗೆ ಏನು ಹೇಳಿದರೂ ನೆನಪಿಟ್ಟುಕೊಳ್ಳುವುದೊಂದು ಕೆಟ್ಟ ಅಭ್ಯಾಸ.

ಸೆಪ್ಟೆಂಬರ್ 13

ಬೆಳಿಗ್ಗೆಯೇ ಆಫೀಸಿಗೆ ಹೋದೆವು. ನಾವು ಮೂವರು, ಜೊತೆಗೆ ಸೈಕಲ್ಲಿನವನು. ತಲೆಯ ಮೇಲೆ ಕಿರುಗುಟ್ಟುವ ಫ್ಯಾನು, ಗೋಡೆಗೆ ಹಚ್ಚಿದ ಸೂಚನೆಗಳು, ಬೆಂಚಿನ ಮೇಲೆ ನಮ್ಮ ಹಾಗೇ ಕಾಯುತ್ತಿರುವ ಇನ್ನೂ ಎರಡು ಜೋಡಿ. ನಮ್ಮ ಹುಡುಗ ಕ್ಷಣಕ್ಕೊಮ್ಮೆ ಕಾಲರು ಎಳೆದುಕೊಳ್ಳುತ್ತಿದ್ದ. ಸುಮ್ಮನಿರು, ಅಳತೆ ಸರಿಯಾಗೇ ಇದೆ ಅಂತ ಗದರಿದೆ. ಅವಳು ಒಂದು ಮಾತೂ ಆಡದೆ ಕೂತಿದ್ದಳು. ಅಂಗಡಿಯಲ್ಲಿ ಹುಲಿ, ಆಫೀಸಿನಲ್ಲಿ ಇಲಿ.

ನಮ್ಮ ಸರದಿ ಬಂತು. ಗುಮಾಸ್ತ ತಲೆಯೆತ್ತದೆ ಕೇಳಿದ. "ಸಾಕ್ಷಿ ಯಾರು?"

"ನಾನು."

"ಹುಡುಗನಿಗೆ ಏನಾಗಬೇಕು?"

"ಮಾವ."

"ಮಾವ. ಅಂದ್ರೆ ಹುಡುಗಿಯ ತಂದೆ."

ನಾನು ಬಾಯಿ ತೆರೆದೆ. ಎಲ್ಲಿಂದ ಶುರುಮಾಡಿ ಹೇಳುವುದು? ಯಾವ ಹುಡುಗಿ, ಯಾವ ತಂದೆ? ಹಾಗಲ್ಲ ಸ್ವಾಮಿ, ವಿಷಯ ಏನಪ್ಪಾ ಅಂದರೆ ಅನ್ನುವಷ್ಟರಲ್ಲಿ, ಪಕ್ಕದಿಂದ ಅವಳು "ಹೌದು," ಅಂದಳು.

ಮೆಲ್ಲಗೆ ಅಂದಳು. ಗುಮಾಸ್ತನಿಗೆ ಕೇಳಿಸಿತೋ ಇಲ್ಲವೋ. ನನಗೆ ಕೇಳಿಸಿತು.

"ಇಲ್ಲಿ ಸಹಿ ಹಾಕಿ," ಅಂದ ಅವನು.

ಹಾಕಿದೆ. ಅಕ್ಷರ ಸ್ವಲ್ಪ ಸೊಟ್ಟಗಾಯಿತು.

ಹೊರಗೆ ಬಂದಾಗ ಸುಡು ಬಿಸಿಲು. ಅವಳು ಹಿಂದಿನಿಂದ, "ಮೆಟ್ಟಿಲು ಎತ್ತರ ಇದೆ ಯಜಮಾನರೇ, ನಿಧಾನ," ಅಂದಳು.

"ಯಜಮಾನರೇ ಅಂತೆ. ಅಂಗಡಿಗೆ ಬಂದ ಗಿರಾಕಿನಾ ನಾನು?"

"ಮತ್ತೇನಂತ ಕರೀಲಿ?"

"ಒಳಗೆ ಏನು ಒಪ್ಕೊಂಡು ಬಂದೆ? ಹಾಗೇ ಕರಿ."

ಬಾಯಿ ತೆರೆದಳು, ಮುಚ್ಚಿದಳು. ಇಡೀ ಬೀದಿಯನ್ನು ಎಬ್ಬಿಸುವ ಗಂಟಲು, ಆ ಎರಡಕ್ಷರ ಹೊರಡಲಿಲ್ಲ. ನಮ್ಮ ಹುಡುಗ ಆಚೆ ತಿರುಗಿ ಸ್ಕೂಟರಿನ ಸೀಟು ಒರೆಸುತ್ತಿದ್ದ. ಧೂಳೇನೂ ಇರಲಿಲ್ಲ.

ಮಧ್ಯಾಹ್ನ ಉಂಡು ಮಲಗಿದೆವು. ಅವಳು ಮಾತ್ರ, ಮದುವೆ ಆಯ್ತು ಅಂತ ಜನರಿಗೆ ಜ್ವರ ಬರದೇ ಇರುತ್ತಾ ಅಂದುಕೊಂಡು ಹೋಗಿ ಅಂಗಡಿ ತೆಗೆದಳು. ಸಂಜೆ ನಾನು ಬಾಲ್ಕನಿಯಲ್ಲಿ ಕೂತು ಶಾಲೆಯ ಕ್ಯಾನ್ವಾಸಿಗೆ ಅಂಚು ಕಟ್ಟುತ್ತಿದ್ದೆ. ಎದುರಿನಿಂದ ಬಂತು, ಬೀದಿಗೆ ಬೀದಿಯೇ ತಿರುಗಿ ನೋಡುವಂತೆ:

"ಅಪ್ಪಾ! ಬಾಗಿಲು ಹಾಕ್ತಿದೀನಿ, ಏನಾದ್ರೂ ತರಬೇಕಾ?"

ಏನೂ ಬೇಕಾಗಿರಲಿಲ್ಲ. ಕೇಳಿಸಲಿಲ್ಲ ಅಂದೆ.